ಮುಚ್ಚಳದ ಒಳಗಿನ ಚೀಟಿ

ಅಣ್ಣಾ,

ಎರಡು ವರ್ಷದಿಂದ ಮಾತು ಬಿಟ್ಟವಳು ಬರೆದಳೆಂದು ಹಿಗ್ಗಬೇಡ. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಜಗಳವಾಡಿ ಸ್ಟುಡಿಯೋ ಬಿಟ್ಟು ಹೋದಾಗಿನಿಂದ ವಿಡಿಯೋಗಳನ್ನೆಲ್ಲ ತುಂಬಿಡುವ ಆ ನಾಲ್ಕು ಡಿಸ್ಕಿನ ಪೆಟ್ಟಿಗೆ ನನ್ನ ಜೀವ ಹಿಂಡುತ್ತಿದೆ. ಓದುವಾಗ ಕುದುರೆ, ಬರೆಯುವಾಗ ಬಸವನಹುಳು. ಒಂದು ಮದುವೆಯ ವಿಡಿಯೋ ಸೇವ್ ಆಗುವಷ್ಟರಲ್ಲಿ ಆ ಮದುಮಕ್ಕಳಿಗೆ ಮಗುವೇ ಆಗಿರುತ್ತದೆ. "ನಮ್ಮಣ್ಣ ಹಳೇ ಡಿಸ್ಕ್ ನನ್ನ ತಲೆಗೆ ಕಟ್ಟಿ ಹೋದ" ಎಂದು ಬಂದ ಗಿರಾಕಿಗಳ ಮುಂದೆಲ್ಲ ನಿನ್ನನ್ನೇ ಬೈದೆ. ಹೊಸ ಕೇಬಲ್ಲು, ಹೊಸ ಕಾರ್ಡು ಹಾಕಿಸಿದೆ. ಜಪ್ಪಯ್ಯ ಎಂದರೂ ಮಿಸುಕಲಿಲ್ಲ.

ನಿನ್ನೆ ರಿಪೇರಿಯವನು ನೋಡಿ ನಕ್ಕುಬಿಟ್ಟ. "ಡಿಸ್ಕ್ ಚೆನ್ನಾಗೇ ಇದೆ ಮೇಡಂ. ಫೈಲ್ ಇಡೋಕೆ ಅದರಲ್ಲಿ ಭಾಗ ಮಾಡ್ತಾರಲ್ಲ, ಆ ಪಾರ್ಟಿಷನ್ ಶುರುವಾಗೋ ಜಾಗ ತಪ್ಪಿದೆ. ಡಿಸ್ಕ್ ಒಳಗಿನ ಜಾಗ ಪಟ್ಟಿ ಪಟ್ಟಿಯಾಗಿರುತ್ತೆ, ಒಂದು ಪಟ್ಟಿಲಿ ಕೂರಬೇಕಾದ್ದು ಎರಡು ಪಟ್ಟಿ ಮೇಲೆ ಬೀಳ್ತಿದೆ. ಏನು ಸೇವ್ ಮಾಡಿದ್ರೂ ಪ್ರತಿ ಸಲ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೀಬೇಕು. ಯಾರು ಮಾಡಿದ್ದು ಇದನ್ನ?"

ನೀನಲ್ಲ. ನೀನು ಹೋದ ದಿನವೇ, ನಿನ್ನ ಕೈಯ ಗುರುತು ಇಲ್ಲಿ ಇರಕೂಡದೆಂದು ಎಲ್ಲ ಅಳಿಸಿ ನಾನೇ ಹೊಸದಾಗಿ ಪಾರ್ಟಿಷನ್ ಮಾಡಿದ್ದೆ. ಯಾವ ಅಂಕಿಯಿಂದ ಶುರು ಮಾಡಬೇಕೆಂದು ನೀನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿಯನ್ನೂ ಕಿತ್ತೆಸೆದಿದ್ದೆ.

ಈಗ ಎಲ್ಲ ಖಾಲಿ ಮಾಡಿ ಮೊದಲಿಂದ ಮಾಡಬೇಕಂತೆ. ಅಷ್ಟು ವಿಡಿಯೋ ಇಡಲು ನನ್ನ ಬಳಿ ಜಾಗವಿಲ್ಲ. ಭಾನುವಾರ ದೊಡ್ಡ ಡಿಸ್ಕ್ ಎರಡು ಹಿಡಿದುಕೊಂಡು ಬಾ. ಉಪದೇಶ ಮಾತ್ರ ತರಬೇಡ. ಚೀಟಿ, ಅಂಟು ತೆಗೆದಿಟ್ಟಿರುತ್ತೇನೆ, ಅಂಕಿಯನ್ನು ನೀನೇ ಬರೆದು ಹಚ್ಚು.

ಈ ಸಲ ಗಟ್ಟಿಯಾಗಿ ಅಂಟಿಸು. ನನ್ನ ಸಿಟ್ಟು ನಿನಗೆ ಗೊತ್ತಲ್ಲ.

ನಿನ್ನ ತಂಗಿ