ಅಪ್ಪನ ರುಜು ಬಿದ್ದ ಉತ್ತರ

ಜನವರಿ ೧೨, ಸೋಮವಾರ

ಉತ್ತರಪತ್ರಿಕೆಗೆ ಅಪ್ಪನ ರುಜು ಬೇಕು ಅಂತ ಮಿಸ್ ಹೇಳದೇ ಇದ್ದಿದ್ದರೆ ಇದು ಶಾಲೆಯಲ್ಲೇ ಮುಗಿದುಹೋಗುತ್ತಿತ್ತು.

ಇಂಗ್ಲಿಷಿನಲ್ಲಿ ಹತ್ತಕ್ಕೆ ಹತ್ತು. ತಂದೆಯ ಉದ್ಯೋಗದ ಬಗ್ಗೆ ಐದು ವಾಕ್ಯ ಬರೆಯಬೇಕಿತ್ತು. ಅಪ್ಪ ಜಾವಗಲ್ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುತ್ತಾನೆ. ನಾನು ಆರ್ಕಿಟೆಕ್ಟ್ ಅಂತ ಬರೆದೆ. ಪಾಠದ ಪಟ್ಟಿಯಲ್ಲಿ ಕಾಯಿ ಸುಲಿಯುವವರು ಇರಲಿಲ್ಲ ಅನ್ನುವುದು ಬರೀ ನೆಪ. ಪಕ್ಕದಲ್ಲಿ ಕೂತ ಪ್ರತಿಮಾ ಇಣುಕುತ್ತಿದ್ದಳು, ಅಷ್ಟೇ.

ಅಪ್ಪ ಕೈ ತೊಳೆದು ಬಂದು ರುಜು ಹಾಕಿದ. ಆಮೇಲೆ ಪ್ರಶ್ನೆ ಏನು ಅಂತ ನನ್ನಿಂದ ಕೇಳಿ ತಿಳಿದು, ಹಾಳೆಯನ್ನು ದೀಪಕ್ಕೆ ಹಿಡಿದು, "ಇದ್ರಾಗೆ ನನ್ ಕೆಲ್ಸ ಎಲ್ಲೈತೆ ಮಗಾ?" ಅಂದ. ನಾನು ಆ ಪದದ ಮೇಲೆ ಬೆರಳಿಟ್ಟು ಓದಿದೆ. ಅವನಿಗೆ ಅದರ ಅರ್ಥ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು.

"ಪೂಜೆ ಕಾಯಿಗೆ ಜುಟ್ಟು ಬಿಟ್ಟು ಸುಲಿತೀನಲ್ಲ, ಅದ್ನೂ ಬರ್ದಿದ್ದೀಯಾ?"

"ಹೂಂ."

ಅಪ್ಪನ ಮುಖ ಅರಳಿತು. "ನಮ್ ಕೆಲ್ಸಕ್ಕೂ ಇಂಗ್ಲಿಷ್ನಾಗೆ ಹೆಸ್ರೈತೆ ಕಣೇ," ಅಂತ ಅಮ್ಮನಿಗೆ ಹೇಳಿದ. ಶನಿವಾರ ಪೋಷಕರ ಸಭೆಯಲ್ಲಿ ಮಿಸ್ ಕೇಳಿದರೆ ತಾನೇ ಇಂಗ್ಲಿಷಿನಲ್ಲಿ ಹೇಳುತ್ತಾನಂತೆ. ಊಟ ಮಾಡುತ್ತಲೇ ಆ ಪದ ಕಲಿತ. ತಪ್ಪಿದಾಗೆಲ್ಲ ತಿದ್ದಿದವಳು ನಾನೇ.

ಎದ್ದು ಹೇಳಿಬಿಡಬೇಕು. ಅಪ್ಪ ಚಾಪೆಯ ಮೇಲೆ ಮಲಗಿ ಇನ್ನೂ ಅದನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಾನೆ. ಈಗಷ್ಟೇ ಕೇಳಿದ, "ಈಗ ಸರ್ಯಾಗೈತಾ ಮಗಾ?"

ಸರ್ಯಾಗೈತೆ ಅಂದೆ.