ರುಸ್ಲಾನನ ಧರ್ಮತಂದೆಯಾದ ಸಂಸದರಿಗೆ

ಮಾನ್ಯ ಸಂಸದರೇ,

ನಿಮಗೊಬ್ಬ ಧರ್ಮಪುತ್ರನಿದ್ದಾನೆ. ಕೆಲಸದ ಒತ್ತಡದಲ್ಲಿ ಮರೆತಿರಬಹುದು, ಅದಕ್ಕೇ ನೆನಪಿಸುತ್ತಿದ್ದೇನೆ. ಹೆಸರು ರುಸ್ಲಾನ್ ಹರ್ಮಾಶ್. ಉಕ್ರೇನಿನ ದಕ್ಷಿಣದಲ್ಲಿ, ಈಗ ರಷ್ಯಾದ ಸೇನೆ ಹಿಡಿದು ಕೂತಿರುವ ಒಂದು ಊರಿನಲ್ಲಿ ಬಸ್ ಓಡಿಸುತ್ತಿದ್ದ. ಆ ಊರಿನ ಹೆಸರು ಬರೆಯುವುದಿಲ್ಲ, ಅವನ ಚಿಕ್ಕಮ್ಮ ಇನ್ನೂ ಅಲ್ಲೇ ಇದ್ದಾಳೆ. ಯುದ್ಧ ಶುರುವಾದ ವರ್ಷ ಅದೇ ಬಸ್ಸಿನಲ್ಲಿ ಮುದುಕರನ್ನೂ ಮಕ್ಕಳನ್ನೂ ತುಂಬಿಕೊಂಡು, ಉಕ್ರೇನಿನ ಕೈಯಲ್ಲೇ ಉಳಿದಿದ್ದ ಝಪೋರಿಝಿಯಾದ ಕಡೆಗೆ ಸಾಗಿಸುತ್ತಿದ್ದಾಗ ದಾರಿಯ ಕಾವಲು ಚೌಕಿಯಲ್ಲಿ ರಷ್ಯಾದ ಸೈನಿಕರು ಅವನನ್ನು ಇಳಿಸಿಕೊಂಡರು. ಅವನು ಸೈನಿಕನಲ್ಲ. ಕೈಯಲ್ಲಿ ಸ್ಟೇರಿಂಗ್ ಬಿಟ್ಟರೆ ಬೇರೇನೂ ಇರಲಿಲ್ಲ. ಅಂದಿನಿಂದ ಅವರ ಜೈಲಿನಲ್ಲಿದ್ದಾನೆ. ಅವನ ಪರವಾಗಿ ಮಾತಾಡುತ್ತೇನೆಂದು ಎರಡು ವರ್ಷದ ಹಿಂದೆ ಮಾತು ಕೊಟ್ಟ ನೀವು ಇಂದಿನವರೆಗೆ ಸಂಸತ್ತಿನಲ್ಲಿ ಅವನ ಹೆಸರನ್ನು ಒಮ್ಮೆಯೂ ಉಚ್ಚರಿಸಿಲ್ಲ. ಇದು ನನ್ನ ದೂರು.

ನಾನು ಯಾರೆಂದು ನಿಮ್ಮ ಕಚೇರಿಗೆ ಚೆನ್ನಾಗಿ ಗೊತ್ತು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಶುಕ್ರವಾರ ಶುಕ್ರವಾರ ವಾರೆನಿಕಿ ಕಡುಬು ಮಡಚುತ್ತ, ಹಿಟ್ಟು ನೆನೆಯುವ ಹೊತ್ತಿನಲ್ಲಿ ನಿಮ್ಮಂಥವರಿಗೆ ಪತ್ರ ಬರೆಯುವ ಮುದುಕಿಯರ ಗುಂಪಿನವಳು. ಹುಟ್ಟಿದ್ದು ಕೆನಡಾದ ಇದೇ ಬಯಲುಸೀಮೆಯಲ್ಲಿ, ಮತ ಹಾಕುವುದು ನಿಮ್ಮ ಕ್ಷೇತ್ರದಲ್ಲಿ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮುಂಬಾಗಿಲಲ್ಲಿ ಕೂತು, ‘ಡಾಕ್ಟರಿಗೆ ಬಿಡುವಿಲ್ಲ’ ಎಂದು ಬಂದವರಿಗೆಲ್ಲ ಹೇಳಿ ಹೇಳಿಯೇ ನಿವೃತ್ತಳಾದವಳು ನಾನು. ಯಾವ ‘ಬಿಡುವಿಲ್ಲ’ ನಿಜ, ಯಾವುದು ನೆಪ ಎಂದು ನನಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆ ದಿನವನ್ನು ನೆನಪಿಸಿಕೊಳ್ಳಿ. ನಮ್ಮ ಸಭಾಂಗಣ, ಟಿವಿಯವರ ಕ್ಯಾಮೆರಾ, ಗೋಡೆಯ ಮೇಲೆ ಸೆರೆಯಾದವರ ಫೋಟೋಗಳು. ಒಬ್ಬ ಸೆರೆಯಾಳಿಗೆ ಒಬ್ಬ ಸಂಸದರು ಎಂಬುದು ನಮ್ಮ ಕೆಲಸದ ಕ್ರಮ. ಮಾಡಬೇಕಾದದ್ದು ಬೆಟ್ಟದಷ್ಟೇನಲ್ಲ: ಆ ಜೈಲಿಗೆ ಆಗಾಗ ಒಂದು ಪತ್ರ, ಸಂಸತ್ತಿನಲ್ಲಿ ಅವನ ಹೆಸರು, ಕೈದಿಗಳ ವಿನಿಮಯಕ್ಕೆ ಮಧ್ಯಸ್ಥಿಕೆ ನಡೆಸುವವರ ಮುಂದೆ ಒಂದು ಮಾತು. ಇದಕ್ಕೆ ನಾವು ಇಟ್ಟುಕೊಂಡ ಹೆಸರು ಧರ್ಮತಂದೆ. ನೀವು ರುಸ್ಲಾನನ ಫೋಟೋ ಕೈಗೆತ್ತಿಕೊಂಡಿರಿ. ಅವನ ತಾಯಿ ರಾಯಿಸಾಳನ್ನು ತಬ್ಬಿಕೊಂಡಿರಿ. “ಇವತ್ತಿಂದ ಇವನು ನನ್ನ ಹುಡುಗ” ಎಂದಿರಿ. ಚಪ್ಪಾಳೆ ಬಿತ್ತು. ವಾರೆನಿಕಿಯನ್ನು ಎರಡೆರಡು ಸಲ ಬಡಿಸಿಕೊಂಡು ತಿಂದು, ಹುಳಿಕೆನೆ ಇನ್ನೂ ಇದೆಯೇ ಎಂದು ಕೇಳಿದಿರಿ. ಕೊಟ್ಟೆವು. ಊಟದ ಬಗ್ಗೆ ನಮ್ಮ ದೂರಿಲ್ಲ.

ನಿಮಗೆ ಅದು ಒಂದು ಸಂಜೆಯ ಕಾರ್ಯಕ್ರಮ. ರಾಯಿಸಾಳಿಗೆ ಏನೆಂದು ಹೇಳುತ್ತೇನೆ, ಕೇಳಿ. ನಮ್ಮಲ್ಲಿ ದೀಕ್ಷಾಸ್ನಾನದ ದಿನ ಮಗುವಿನ ಹೊಣೆ ಹೊರುವ ಧರ್ಮತಂದೆಯನ್ನು ಹೆತ್ತವರು ‘ಕುಮ್’ ಎನ್ನುತ್ತಾರೆ. ಬೀಗರಿಗಿಂತ ಒಂದು ಕೈ ಮೇಲು. ಧರ್ಮತಂದೆಯಾಗು ಎಂದು ಕೇಳಿದಾಗ ಇಲ್ಲವೆನ್ನುವುದೇ ಪಾಪ, ಆದಮೇಲೆ ಕೈಬಿಡುವುದನ್ನಂತೂ ಯಾರೂ ಕೇಳಿಲ್ಲ. ಕುಮ್ ಜೊತೆ ಜಗಳವಾಡಬಾರದು, ಕುಮ್ ಬಗ್ಗೆ ಹಿಂದಿನಿಂದ ಆಡಿಕೊಳ್ಳಬಾರದು. ಆ ರಾತ್ರಿ ಮನೆಗೆ ಬರುವಾಗ ಕಾರಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: “ಅಕ್ಕಾ, ನನ್ನ ಮಗನಿಗೆ ಇಲ್ಲೂ ಒಬ್ರು ದಿಕ್ಕಾದ್ರು.” ಯುದ್ಧದಿಂದ ತಪ್ಪಿಸಿಕೊಂಡು ಬಂದು ನನ್ನ ಮನೆಯ ಕೆಳಗಿನ ಕೋಣೆಯಲ್ಲಿರುವ ಆ ಹೆಂಗಸು ಅಂದು ಮೊದಲ ಬಾರಿ ದೀಪ ಆರಿಸಿ ಮಲಗಿದಳು.

ಆಮೇಲೆ? ನಿಮ್ಮ ಜಾಲತಾಣದಲ್ಲಿ ಆ ಫೋಟೋ ಬಂತು. ಅದರಲ್ಲಿ ನೀವು ಚೆನ್ನಾಗಿ ಕಾಣುತ್ತೀರಿ. ರುಸ್ಲಾನನ ಮುಖದ ಅರ್ಧಭಾಗ ನಿಮ್ಮ ಹೆಬ್ಬೆರಳಿನ ಹಿಂದೆ ಇದೆ. ಅಲ್ಲಿಗೆ ಮುಗಿಯಿತು. ನಾವು ಬರೆದ ಪತ್ರಗಳಿಗೆಲ್ಲ ಒಂದೇ ಉತ್ತರ: ‘ನಿಮ್ಮ ಕಾಳಜಿಯನ್ನು ನಾವು ಗೌರವಿಸುತ್ತೇವೆ.’ ನಮ್ಮ ಕಾಳಜಿಯನ್ನು ಗೌರವಿಸಿ ಎಂದು ನಿಮ್ಮನ್ನು ಕೇಳಿದವರು ಯಾರು ಸ್ವಾಮೀ? ನಮ್ಮ ಗುಂಪಿನಲ್ಲಿ ಝೆಂಕೊ ಎಂಬ ಮುದುಕನಿದ್ದಾನೆ, ಆಲೂಗಡ್ಡೆ ಸುಲಿಯುವುದು ಅವನ ಕೆಲಸ, ಬಾಯಿ ಚಾಕುವಿಗಿಂತ ಹರಿತ. “ಲೇ ಸ್ಲಾವ್ಕಾ, ಆ ಮನುಷ್ಯನಿಗೆ ಕಾಗದ ಯಾಕೆ ಬರೀತೀಯ? ಒಂದು ಡಬ್ಬಿ ವಾರೆನಿಕಿ ಕಳ್ಸು. ಹುಳಿಕೆನೆ ಬೇಕು ಅಂತಾದ್ರೂ ಉತ್ತರ ಬಂದೀತು” ಎಂದ. ಎಲ್ಲರೂ ನಕ್ಕರು. ರಾಯಿಸಾ ಮಾತ್ರ ತಲೆ ಎತ್ತದೆ, “ಅವರಿಗೆ ಎಷ್ಟು ಜನರ ಕಷ್ಟ ನೋಡೋದಿರುತ್ತೋ ಏನೋ, ನೀವು ಸುಮ್ನಿರಿ” ಎಂದಳು. ನಿಮ್ಮ ಪರ ವಾದಿಸಲು ಆ ನೆಲಮಾಳಿಗೆಯಲ್ಲಿ ಇರುವವಳು ಅವಳೊಬ್ಬಳೇ.

ಈಗ ಕಳೆದ ಕ್ರಿಸ್ಮಸ್ಸಿನ ವಿಷಯ. ಇದನ್ನು ಪತ್ರಿಕೆಯಲ್ಲಿ ಬರೆಯುವುದು ಬೇಡವೆಂದುಕೊಂಡಿದ್ದೆ. ಆದರೆ ನೀವು ಬೇರೆ ದಾರಿ ಉಳಿಸಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಧರ್ಮಮಕ್ಕಳು ತಮ್ಮ ಧರ್ಮತಂದೆಯ ಮನೆಗೆ ಊಟ ಹೊತ್ತುಕೊಂಡು ಹೋಗುವ ಪದ್ಧತಿಯಿದೆ. ನನ್ನ ಹೆತ್ತವರು ಬಂದ ಉಕ್ರೇನಿನ ಪಶ್ಚಿಮದ ಸೀಮೆಯಲ್ಲಿ ಇದು ಅಷ್ಟಿಲ್ಲ, ರಾಯಿಸಾಳ ಕಡೆ ಬಹಳ ಮುಖ್ಯ. ಬೇಯಿಸಿದ ಗೋಧಿಗೆ ಗಸಗಸೆ ಅರೆದು ಹಾಕಿ, ಜೇನು ಬೆರೆಸಿದ ಕುತ್ಯಾ, ಜೊತೆಗೆ ಜಡೆಯಂತೆ ಹೆಣೆದು ಬೇಯಿಸಿದ ರೊಟ್ಟಿ. ಧರ್ಮತಂದೆ ಒಂದು ಚಮಚ ಬಾಯಿಗೆ ಹಾಕಿಕೊಳ್ಳಬೇಕು, ಬಟ್ಟಲಿಗೆ ಮಿಠಾಯಿಯೋ ಹಣ್ಣೋ ಹಾಕಿ ಹಿಂದಿರುಗಿಸಬೇಕು, ‘ಚೆನ್ನಾಗಿರು ಮಗಾ’ ಎನ್ನಬೇಕು. ಮಗ ಬರಲಾರದ ಜಾಗದಲ್ಲಿದ್ದಾನೆ, ಆದ್ದರಿಂದ ಅವನ ಪರವಾಗಿ ತಾಯಿ ಹೊರಟಳು. ನಾನು ತಡೆದೆ.

“ರಾಯಿಸಾ, ಅದು ಆಫೀಸು ಕಣೇ. ಅವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?”

“ಗೊತ್ತಿಲ್ದೇ ಇದ್ರೆ ಹೇಳೋಣ ಅಕ್ಕಾ. ಅವರು ನಮ್ಮವರಲ್ಲ ಅಂತ ಮಗನ ಊಟ ತಪ್ಸಕ್ಕಾಗುತ್ತಾ?”

ಸರಿ, ಕಾರು ತೆಗೆದೆ. ಹೊರಗೆ ಮೂಗು ಮರಗಟ್ಟುವ ಚಳಿ. ಕಸೂತಿ ಬಟ್ಟೆಯಲ್ಲಿ ಸುತ್ತಿದ ಬಟ್ಟಲನ್ನು ತಣಿಯದಂತೆ ಕೋಟಿನೊಳಗೆ ಅಪ್ಪಿಕೊಂಡು ಕೂತಿದ್ದಳು. ಕಚೇರಿಯಲ್ಲಿ ನೀವಿರಲಿಲ್ಲ, ಬಾಗಿಲು ಹಾಕುವ ಹೊತ್ತು. ನಿಮ್ಮ ಕಾರ್ಯದರ್ಶಿ ಮೇಡಂ ಇದ್ದರು. ಕೆಟ್ಟವರಲ್ಲ, ಬಟ್ಟಲನ್ನು ಮಾತ್ರ ಬೆರಳ ತುದಿಯಿಂದ ದೂರ ತಳ್ಳಿ ಕೇಳಿದರು: “ಏನಿದು? ತಿನ್ನೋದು ನಾವು ತಗೊಳ್ಳೋ ಹಾಗಿಲ್ಲಮ್ಮ. ರೂಲ್ಸ್ ಇದೆ.”

ರಾಯಿಸಾಳ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ವಿವರಿಸಿದೆ. ಮೇಡಂ ಗಡಿಯಾರ ನೋಡುತ್ತ, “ಸರಿ, ಇಟ್ಟು ಹೋಗಿ, ಹೇಳ್ತೀನಿ” ಎಂದರು. ರಾಯಿಸಾ ಮೇಜಿಗೆ ನಮಸ್ಕರಿಸಿದಳು. ಹೌದು, ನಿಮ್ಮ ಖಾಲಿ ಮೇಜಿಗೆ.

ರಜೆ ಮುಗಿದ ಮೇಲೆ ನಮಗೊಂದು ಇ-ಮೇಲ್ ಬಂತು. ಸಂಸದರಿಗೆ ನೀಡಿದ ಉಡುಗೊರೆಯ ಅಂದಾಜು ಮೌಲ್ಯವನ್ನು ನೀತಿಸಂಹಿತೆಯ ಪ್ರಕಾರ ತಿಳಿಸಬೇಕಂತೆ. ಒಂದು ಬಟ್ಟಲು ಗೋಧಿ ಸ್ವಾಮೀ! ಏನು ಬೆಲೆ ಕಟ್ಟಲಿ? ನಿಮ್ಮನ್ನು ಕೊಂಡುಕೊಳ್ಳಲು ಗಸಗಸೆ ಸಾಕೆಂದು ನಾವು ಎಣಿಸಿದ್ದೆವೆಯೇ? ಬಟ್ಟಲನ್ನು ತರಲು ಇಬ್ಬರೂ ಹೋದೆವು. ಮೇಡಂ ಮುಖ ಸಣ್ಣಗೆ ಮಾಡಿಕೊಂಡರು. ವಾರಸುದಾರರಿಲ್ಲದ ಗಂಟು ಎಂದು ಭದ್ರತೆಯವರು ಅದೇ ರಾತ್ರಿ ಕಸಕ್ಕೆ ಹಾಕಿದ್ದರು, ಬಟ್ಟಲು ಬಟ್ಟೆ ಸಮೇತ.

ನಾನು ಬಾಯಿಗೆ ಬಂದದ್ದು ಬೈಯಲು ಹೊರಟಿದ್ದೆ. ರಾಯಿಸಾ ನನ್ನ ತೋಳು ಹಿಡಿದಳು. ಬಿಳಿಚಿಕೊಂಡಿದ್ದಳು. “ರುಚಿ ನೋಡಿದ್ರಾ ಕೇಳು ಅಕ್ಕಾ” ಎಂದಳು. “ಎಸೆಯೋ ಮುಂಚೆ ಒಂದು ಚಮಚ ಆದ್ರೂ ತಿಂದ್ರಾ ಕೇಳು.” ಧರ್ಮತಂದೆ ಮುಟ್ಟದ ಊಟ ಮಗನಿಗೆ ಕೇಡು ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ.

ಮುದುಕಿಯರ ಮೂಢನಂಬಿಕೆ ಎಂದು ನೀವು ಪತ್ರಿಕೆ ಮಡಚುವ ಮೊದಲು ಇದನ್ನೂ ಓದಿ. ಕಳೆದ ತಿಂಗಳು ಝಖಾರ್ ಎಂಬ ಮೀನುಗಾರ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಬಂದ. ಜೈಲಿನಲ್ಲಿ ರುಸ್ಲಾನನ ಕೋಣೆಯಲ್ಲೇ ಇದ್ದವನು. ಫೋನಿನಲ್ಲಿ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. “ಅಮ್ಮಾ, ರುಸ್ಲಾನ್ ಬದುಕಿದ್ದಾನೆ. ಆದ್ರೆ ಮೊಣಕಾಲ ಕೆಳಗೆ ಗಾಯ ಕೀವು ಕಟ್ಟಿದೆ, ಎದ್ದು ನಿಲ್ಲೋಕೆ ಕಷ್ಟ. ನಮ್ಮ ಜೊತೆ ಒಬ್ರು ಮೇಷ್ಟ್ರಿದ್ರು. ಅವರ ಬಗ್ಗೆ ಯಾವುದೋ ದೇಶದ ಪಾರ್ಲಿಮೆಂಟಿಂದ ಕಾಗದ ಬಂತು. ಜೈಲರ್ ಕರೆಸಿ, ‘ಯಾರೋ ನೀನು, ನಿನ್ನನ್ನ ಅಲ್ಲಿ ಯಾಕೆ ಕೇಳ್ತಿದ್ದಾರೆ?’ ಅಂದ. ಎರಡು ಏಟು ಹಾಕಿದ, ಅದು ಬೇರೆ ಮಾತು. ಮಾರನೇ ದಿನ ಡಾಕ್ಟರ್ ಬಂದ. ಸತ್ತರೆ ಉತ್ತರ ಕೊಡ್ಬೇಕಾಗುತ್ತೆ ಅನ್ನೋ ಭಯ. ಕೇಳೋರಿಲ್ಲದವನು ಸತ್ತರೆ ಅವರಿಗೇನು?” ಆಮೇಲೆ, “‘ನನಗೂ ಯಾರಾದ್ರೂ ಬರೀತಾರೇನೋ’ ಅಂತ ರುಸ್ಲಾನ್ ಕೇಳ್ತಿದ್ದ” ಎಂದ.

ರಾಯಿಸಾ ಪಕ್ಕದಲ್ಲೇ ಇದ್ದಳು. ಫೋನು ಕಿತ್ತುಕೊಂಡು, “ಬರೀತಿದ್ದಾರೆ ಅಪ್ಪಾ, ಅವನಿಗೆ ಇಲ್ಲಿ ದೊಡ್ಡ ಮನುಷ್ಯರು ಧರ್ಮತಂದೆ ಆಗಿದ್ದಾರೆ” ಎಂದಳು.

ನನಗೆ ಅಂದಿನಿಂದ ನಿದ್ದೆ ಸರಿಯಾಗಿಲ್ಲ. ನೀವು ಬರೆದಿಲ್ಲ ಎನ್ನುವುದಷ್ಟೇ ಅಲ್ಲ, ನೀವಿರುವುದರಿಂದ ಬೇರೆಯವರೂ ಬರೆಯುತ್ತಿಲ್ಲ. ಒಬ್ಬ ಸೆರೆಯಾಳಿಗೆ ಒಬ್ಬ ಸಂಸದರು ಎಂದೆನಲ್ಲ, ಎಲ್ಲರಿಗೂ ಒಬ್ಬೊಬ್ಬರು ಸಿಗಲಿ ಎಂದು ಮಾಡಿಕೊಂಡ ಕ್ರಮ ಅದು. ಪಕ್ಕದ ಕ್ಷೇತ್ರದ ಸಂಸದೆ ರುಸ್ಲಾನನನ್ನು ತಾನು ನೋಡಿಕೊಳ್ಳುತ್ತೇನೆಂದು ಮುಂದೆ ಬಂದರು. ಆದರೆ ಅವನು ನಿಮ್ಮ ಪಾಲಿನವನು, ನೀವು ಬಿಟ್ಟುಕೊಡದೆ ಕೈಹಾಕುವುದು ಸಹೋದ್ಯೋಗಿಗೆ ಮಾಡಿದ ಅವಮಾನವಂತೆ. ನಿಮ್ಮ ಕಚೇರಿಯನ್ನು ಕೇಳಿದ್ದಾರೆ. ನೀವು ಅವರ ಕಾಳಜಿಯನ್ನೂ ಗೌರವಿಸಿದ್ದೀರಿ. ಯಾರೂ ಇಲ್ಲದವನಿಗೆ ನಾಳೆ ಯಾರಾದರೂ ಸಿಕ್ಕಾರು. ನಿಮ್ಮಂಥ ಧರ್ಮತಂದೆ ಇರುವವನಿಗೆ ಅದೂ ಇಲ್ಲ.

ಸದ್ದಿಲ್ಲದೆ ನಡೆಸುವ ರಾಜತಾಂತ್ರಿಕತೆಯ ಬಗ್ಗೆ ನೀವು ಹೇಳಬಹುದು. ಗದ್ದಲ ಮಾಡಿದರೆ ಕೈದಿಗೇ ಅಪಾಯ ಎಂಬ ವಾದ ನನಗೆ ಹೊಸದಲ್ಲ, ಕೆಲವರ ವಿಷಯದಲ್ಲಿ ನಿಜವೂ ಹೌದು. ಅಂಥವರ ಹೆಸರನ್ನು ನಾವು ಪಿಸುಗುಟ್ಟುವುದೂ ಇಲ್ಲ. ರುಸ್ಲಾನನ ಹೆಸರನ್ನು ಸಾರಿ ಹೇಳಿ ಎಂದು ತಾಯಿಯೇ ಒಪ್ಪಿ ನಿಮ್ಮ ಕೈಗೆ ಫೋಟೋ ಕೊಟ್ಟಳು. ಹೋಗಲಿ, ಸದ್ದಿಲ್ಲದೆ ನೀವು ಮಾಡಿದ್ದಾದರೂ ಏನು? ಒಂದು ಸಾಲಿನ ಪತ್ರ? ಒಂದು ಫೋನು? ಇದ್ದರೆ ತೋರಿಸಿ, ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳಿ ನಿಮ್ಮ ಮನೆಬಾಗಿಲಿಗೆ ಕುತ್ಯಾ ತಂದುಕೊಡುತ್ತೇನೆ. ಮರೆತದ್ದನ್ನು ಮೌನವೆಂದು ಕರೆದರೆ ಅದು ರಾಜತಾಂತ್ರಿಕತೆಯಾಗುವುದಿಲ್ಲ.

ಬರುವ ವಾರ ನೀವು ಸಂಸದೀಯ ನಿಯೋಗದ ಜೊತೆ, ಕೈದಿಗಳ ವಿನಿಮಯಕ್ಕೆ ಮಧ್ಯಸ್ಥಿಕೆ ವಹಿಸಿರುವ ದೇಶಕ್ಕೆ ಹೊರಟಿದ್ದೀರೆಂದು ನಿಮ್ಮದೇ ಪ್ರಕಟಣೆ ಹೇಳುತ್ತಿದೆ. ನಮ್ಮ ಬೇಡಿಕೆ ಕೇಳಿ. ಆ ಮೇಜಿನ ಮುಂದೆ ಕೂತಾಗ ‘ರುಸ್ಲಾನ್ ಹರ್ಮಾಶ್, ಬಸ್ ಚಾಲಕ, ಕಾಲಿಗೆ ಚಿಕಿತ್ಸೆ ಬೇಕು, ಈಗ ಹೇಗಿದ್ದಾನೆ ಹೇಳಿ’ ಎಂದು ಕೇಳಿ. ಉಸಿರು ಕಟ್ಟುವಷ್ಟು ಉದ್ದದ ವಾಕ್ಯವೇನಲ್ಲ. ಅಷ್ಟೂ ಆಗದಿದ್ದರೆ ವಿಮಾನ ಹತ್ತುವ ಮೊದಲು, ‘ನಾನು ಇವನ ಧರ್ಮತಂದೆಯಲ್ಲ’ ಎಂದು ಬರೆದುಕೊಡಿ. ಆ ಸಂಸದೆಯೂ ಅದೇ ನಿಯೋಗದಲ್ಲಿದ್ದಾರೆ, ಅವರು ಕೇಳುತ್ತಾರೆ. ಕೇಳುವುದೂ ಇಲ್ಲ, ಬಿಡುವುದೂ ಇಲ್ಲ ಎಂದರೆ ಆ ಕಾಲು ನಿಮಗಾಗಿ ಕಾಯುವುದಿಲ್ಲ.

ಈ ಪತ್ರಕ್ಕೆ ರಾಯಿಸಾ ಸಹಿ ಹಾಕಿಲ್ಲ. ಓದಿ ಹೇಳಿದೆ, ಕೈ ಹಿಂದಕ್ಕೆ ಎಳೆದುಕೊಂಡಳು. “ಕುಮ್ ಮೇಲೆ ಊರಿಗೆಲ್ಲ ಕೇಳೋ ಹಾಗೆ ದೂರು ಹೇಳ್ತಾರೇನಕ್ಕಾ? ಅವರಿಗೇ ಹುಷಾರಿಲ್ಲವೋ ಏನೋ. ಇಲ್ದಿದ್ರೆ ಇಷ್ಟು ದಿನ ಸುಮ್ನಿರ್ತಿದ್ರಾ?” ಎಂದಳು. ಅವಳು ಹಾಗೆಯೇ ನಂಬಿದ್ದಾಳೆ. ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆಯಲ್ಲಿ, ಆರೋಗ್ಯ ಕೋರಿ ಜನ ಕೊಟ್ಟ ಹೆಸರುಗಳನ್ನು ಪಾದ್ರಿಗಳು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ರಾಯಿಸಾ ಯಾವಾಗಲೂ ಎರಡು ಹೆಸರು ಕೊಡುತ್ತಾಳೆ. ಮೊದಲು ರುಸ್ಲಾನ್, ಆಮೇಲೆ ನೀವು. ಇಡೀ ಚರ್ಚು ‘ಕರ್ತನೇ, ಕರುಣಿಸು’ ಎನ್ನುತ್ತದೆ. ಅವಳು ನಿಮ್ಮ ಹೆಸರನ್ನು ಇಷ್ಟು ಭಾನುವಾರ ಹೇಳಿಸಿದ್ದಾಳೆ. ನೀವು ಅವಳ ಮಗನ ಹೆಸರನ್ನು ಒಂದು ಸಲ ಹೇಳಿ.

ಇಂತಿ,
ನಿಮ್ಮ ಆಯುರಾರೋಗ್ಯವನ್ನು ಪ್ರತಿ ಭಾನುವಾರ ಹಲ್ಲು ಕಚ್ಚಿಕೊಂಡು ಬೇಡುತ್ತಿರುವ ನಿಮ್ಮ ಮತದಾರಳು,
ಸ್ಲಾವ್ಕಾ ಬಾಬಿಯಾಕ್