ಚಾಪೆಯ ಅಂಚು

ಸವಾಯಿ ದ್ವೀಪ
ಅಕ್ಟೋಬರ್ ೧೪, ಸೋಮವಾರ

ನನ್ನ ಲೂಪೆ,

ಹೇಗಿದ್ದೀಯಮ್ಮ? ಕೈಗೆ ಹಾಕಿದ ಪಟ್ಟಿ ಬಿಚ್ಚಿದರೇ? ಬರೆದು ತಿಂಗಳಾಯಿತು, ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಹೋಗಿ ಅಂಗಳ ಗುಡಿಸಿದೆ. ನಿನಗೆ ಆಶ್ರಯ ಕೊಟ್ಟ ಮನೆಯ ಹೆಂಗಸರಿಗೆಂದು ಪಕ್ಕದ ಮನೆ ಲೋಸಾಳ ಕೈಯಲ್ಲಿ ಈ ಕಾಗದದ ಜೊತೆ ಟಾರೊ ಗೆಡ್ಡೆ, ಒಂದು ಡಬ್ಬಿ ಕೋಕೋ ಕಳಿಸಿದ್ದೇನೆ.

ಹೋದ ಗುರುವಾರ ನಿನ್ನ ಗಂಡನ ಕಡೆಯವರು ಕ್ಷಮೆ ಬೇಡಲು ಬಂದು ಕೂತರು. ಬೆಳಗ್ಗೆ ಎದ್ದು ನೋಡಿದರೆ ಅಂಗಳದ ತುಂಬ ಜನ, ಎಲ್ಲರದೂ ತಗ್ಗಿಸಿದ ತಲೆ. ಮುಂದೆ ಒಬ್ಬರು ಅವರ ಮನೆತನದ ದೊಡ್ಡ ಚಾಪೆಯನ್ನು ಮುಖ ಕಾಣದಂತೆ ಹೊದ್ದು ಕೂತಿದ್ದರು. ಅದನ್ನು ಎತ್ತಿದರೆ ನಾವು ಕ್ಷಮಿಸಿದಂತೆ, ನಿನ್ನ ಕೇಸೂ ಅಲ್ಲಿಗೇ ಸತ್ತಂತೆ. ಎತ್ತುವುದಿಲ್ಲ ಎಂದು ನಿನ್ನಪ್ಪನಿಗೆ ಹೇಳಿಬಿಟ್ಟೆ.

ಒಳಗಿರುವವನು ಫಿಲಿಪೊ ಅಂದುಕೊಂಡಿದ್ದೆ. ಲೋಸಾ ನಕ್ಕಳು. "ನಿನ್ನ ಅಳಿಯ ಎಲ್ಲಿ ಬರ್ತಾನೆ ಕಣೇ? ಬಿಸಿಲಿಗೆ ಕಪ್ಪಾಗ್ತಾನೆ ಅಂತ ಅವರಮ್ಮ ಒಳಗಿಟ್ಕೊಂಡವಳೆ. ಕೂತಿರೋದು ಅವನ ದೊಡ್ಡಪ್ಪ."

ಎಪ್ಪತ್ತೆರಡು ವರ್ಷದ ಮುದುಕ, ಲೂಪೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ನಿನ್ನಪ್ಪ ಕಂಬಕ್ಕೆ ಒರಗಿಕೊಂಡು, "ಇನ್ನೆಷ್ಟೊತ್ತು ಕೂರಿಸ್ತೀಯೇ? ಆ ಮುದುಕ ಇಲ್ಲೇ ಸತ್ರೆ ನಾವು ಚಾಪೆ ಹೊದ್ಕೊಂಡು ಅವರ ಮನೆ ಮುಂದೆ ಕೂರಬೇಕಾಗುತ್ತೆ" ಅಂದರು.

"ಕೈ ಮುರಿದೋನು ಒಬ್ಬ, ಬೆವರೋನು ಇನ್ನೊಬ್ಬನಾ?" ಎಂದು ಕೇಳಿದೆ. ಅಷ್ಟರಲ್ಲಿ ಊರಿನ ಹಿರಿಯರು ಎರಡು ಸಲ ಹೇಳಿ ಕಳಿಸಿದರು: ಹಟ ಮಾಡಿದರೆ ನೀವು ಊರು ಬಿಡಬೇಕಾದೀತು.

ಮಧ್ಯಾಹ್ನದ ಹೊತ್ತಿಗೆ ಚಾಪೆ ಒಂದು ಪಕ್ಕಕ್ಕೆ ವಾಲಿತು. ಒಳಗಿನಿಂದ ಕೆಮ್ಮು ಕೇಳಿತು. ಎಳನೀರು ಒಯ್ದು, ಕುಡಿಸಲೆಂದು ಚಾಪೆಯ ಅಂಚು ಎತ್ತಿದೆ. ಅಷ್ಟೇ. ಅವರ ಹೆಂಗಸರು ಅಳುತ್ತ ನನ್ನ ಕಾಲು ತಬ್ಬಿದರು. ಪಾದ್ರಿ ಪ್ರಾರ್ಥನೆ ಶುರುಮಾಡಿದರು. ನಿನ್ನಪ್ಪ ಆಗಲೇ ಭಾಷಣದ ಕೋಲು ಊರಿ, ಕ್ಷಮಿಸಿದೆವೆಂದು ಸಾರಲು ಎದ್ದು ನಿಂತಿದ್ದರು.

"ನೀರು ಕೊಟ್ಟೆ ಅಷ್ಟೇ, ಕ್ಷಮಿಸಿಲ್ಲ" ಅಂದೆ.

ಮುದುಕ ನಿಧಾನವಾಗಿ ಕುಡಿದು ಬಾಯಿ ಒರೆಸಿಕೊಂಡ. "ಎತ್ತಿದ್ದಾಯ್ತಲ್ಲ ತಾಯಿ, ಇನ್ಯಾಕೆ ಮಾತು?"

ಹಂದಿ ಬೇಯಿಸಿದರು. ನಾನೇ ಬಡಿಸಿದೆ. ಫಿಲಿಪೊ ಊಟದ ಹೊತ್ತಿಗೆ ಸರಿಯಾಗಿ ಬಂದ, ಎರಡು ಸಲ ಹಾಕಿಸಿಕೊಂಡು ತಿಂದ. ಈಗ ನಿನ್ನ ದೂರು ವಾಪಸ್ ತೆಗೆಸಿ, ನಿನ್ನನ್ನು ಅವನ ಮನೆಗೆ ಕರೆದುಕೊಂಡು ಹೋಗುವ ಮಾತು ನಡೆದಿದೆ.

ದೇವರು ನಿನ್ನ ಮೂಳೆಯನ್ನು ನೆಟ್ಟಗೆ ಕೂಡಿಸಲಿ. ನನಗಿಲ್ಲದ ನಿದ್ದೆಯನ್ನು ನಿನಗಾದರೂ ಕೊಡಲಿ.

ನಿನ್ನ ಅಮ್ಮ,
ಫೆತೂ

ಇನ್ನೊಂದು ಮಾತು: ನೀರು ಕೊಡಲು ಎತ್ತಿದೆ ಎಂದು ಊರಿಗೆಲ್ಲ ಹೇಳುತ್ತಿದ್ದೇನೆ, ಮೇಲೆ ನಿನಗೂ ಹಾಗೇ ಬರೆದೆ. ಎಳನೀರು ತೂರಿಸುವಷ್ಟು ಸಂದು ಅಲ್ಲೇ ಇತ್ತು ಲೂಪೆ, ನನಗೆ ಕಾಣಿಸಿತ್ತು. ಊರು ಬಿಡುವ ಭಯಕ್ಕೆ ಎತ್ತಿದೆ. ಶನಿವಾರದ ಹಡಗಿಗೆ ಅವರೆಲ್ಲ ನಿನ್ನನ್ನು ಕರೆಯಲು ಬರುತ್ತಾರೆ. ನಾನೂ ಬರಲೇಬೇಕಂತೆ. ಬಾಗಿಲಲ್ಲಿ ನಿಂತು ನಿನ್ನ ಹೆಸರು ಹಿಡಿದು ಕೂಗುವವಳು ನಾನೇ. ನೀನು ಹೊರಗೆ ಬರಬೇಡ.